ಮೂರನೇ ಕ್ಯಾಮೆರಾ ಹಾಕಿದ ಕೂಡಲೇ ಲೈವ್ ಸ್ಟ್ರಕ್ ಆಗುತ್ತಾ? ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಇದನ್ನು ಓದಿ

ಚೋರನೂರು: ಮದುವೆ ಸೀಸನ್ ಬಂತೆಂದರೆ ಚೋರನೂರು, ಬಂಡ್ರಿ, ಸಂಡೂರು ಕಡೆಯ ಫೋಟೊ ಸ್ಟುಡಿಯೊಗಳಿಗೆ ಬರುವ ಪಾರ್ಟಿಗಳು ಆಲ್ಬಂ ಎಷ್ಟು ಶೀಟ್ ಅಂತ ಕೇಳುವುದರ ಜೊತೆಗೆ "ಯೂಟ್ಯೂಬ್ ಲೈವ್ ಇರ್ತದಲ್ರೀ?" ಅಂತಲೂ ಕೇಳುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರಬಾರದು ಅಂತ ನಿಯಮ ಬಂದಾಗ ಶುರುವಾದ ಈ ರೂಢಿ ಕೊರೊನಾ ಹೋದರೂ ಹೋಗಲಿಲ್ಲ. ಊರಿಗೆ ಬರಲಾಗದ ಮಗಳು, ಹಾಸಿಗೆ ಹಿಡಿದ ಅಜ್ಜಿ, ರಜೆ ಸಿಗದ ಸೈನಿಕ, ಎಲ್ಲರೂ ಮೊಬೈಲಿನಲ್ಲೇ ಅಕ್ಷತೆ ಹಾಕುವ ಕಾಲ ಇದು. ಮದುವೆ ಅಷ್ಟೇ ಅಲ್ಲ, ಜಾತ್ರೆ, ರಥೋತ್ಸವ, ಶಾಲಾ ವಾರ್ಷಿಕೋತ್ಸವ, ಕಬಡ್ಡಿ ಟೂರ್ನಮೆಂಟ್ ಎಲ್ಲಕ್ಕೂ ಲೈವ್ ಬೇಕು. ಒಂದೇ ಕ್ಯಾಮೆರಾ ಇಟ್ಟರೆ ಜನ ಒಪ್ಪುವುದೂ ಇಲ್ಲ.

ಹಲವು ಕ್ಯಾಮೆರಾ ಇಡುವುದು ಟಿವಿ ಚಾನೆಲ್‌ಗಳ ಕೆಲಸ ಅಂತ ಇದ್ದ ಕಾಲ ಹೋಯ್ತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಪ್ರಾಯೋಗಿಕವಾಗಿ ಯೂಟ್ಯೂಬ್ ಲೈವ್ ಶುರು ಮಾಡಿ, ಮುಂದೆ ಅದಕ್ಕೆ ನಿಯಮಗಳನ್ನೇ ಮಾಡಿತು. ಸುಪ್ರೀಂ ಕೋರ್ಟ್ ಇ-ಸಮಿತಿಯ ಮಾದರಿ ನಿಯಮಗಳಲ್ಲಂತೂ ಒಂದು ಕೋರ್ಟ್ ಹಾಲ್‌ಗೆ ಐದು ಕೋನಗಳಿಂದ ಕ್ಯಾಮೆರಾ ಇರಬೇಕು ಅಂತಿದೆ. ಮಂಟಪಕ್ಕೆ ಮೂರು ಬೇಕು ಅಂತ ಬೀಗರು ಕೇಳಿದರೆ ತಪ್ಪೇನಿಲ್ಲ ಬಿಡಿ.

ತೊಂದರೆ ಶುರುವಾಗುವುದು ಆ ಮೂರನೆಯದರಲ್ಲೇ. ಎರಡು ಕ್ಯಾಮೆರಾ ಇದ್ದಾಗ ಸಲೀಸಾಗಿ ಓಡುತ್ತಿದ್ದ ಲೈವ್, ಮೂರನೆಯದು ಸಿಕ್ಕಿಸಿದ ಕೂಡಲೇ ಜರ್ಕ್ ಹೊಡೆಯುತ್ತದೆ, ಒಂದು ಕ್ಯಾಮೆರಾ ಕಪ್ಪಾಗುತ್ತದೆ, ಇಲ್ಲಾಂದ್ರೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಿಂತೇ ಹೋಗುತ್ತದೆ. ಪಾರ್ಟಿ ಬಾಕಿ ಹಣ ಕೊಡುವುದಿಲ್ಲ. "ಲ್ಯಾಪ್‌ಟಾಪ್ ಹಳೇದು, ಹೊಸದು ತಗೋ" ಅಂತ ಯಾರೋ ಹೇಳುತ್ತಾರೆ. ಸಾಲ ಮಾಡಿ 80-90 ಸಾವಿರದ ಲ್ಯಾಪ್‌ಟಾಪ್ ತಂದ ಮೇಲೂ ಮೂರನೇ ಕ್ಯಾಮೆರಾ ಮೊದಲಿನಂತೆಯೇ ಕಪ್ಪಾಗಿದ್ದರೆ? ಹಾಗೆ ಆಗುವ ಸಾಧ್ಯತೆ ನಿಜಕ್ಕೂ ಇದೆ. ತುಂಬಿ ಹೋಗಿದ್ದು ಲ್ಯಾಪ್‌ಟಾಪಿನ ಶಕ್ತಿಯೋ, ಅದಕ್ಕೆ ಚಿತ್ರ ತರುವ ದಾರಿಯೋ, ಹೊರಗೆ ಕಳಿಸುವ ನೆಟ್ಟೋ ಅಂತ ಮೊದಲು ಪತ್ತೆ ಹಚ್ಚಬೇಕು. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಓಬಿಎಸ್ ತಾನೇ ಹೇಳುತ್ತದೆ, ನಾವು ನೋಡಲ್ಲ ಅಷ್ಟೇ

ನಮ್ಮ ಕಡೆ ಹೆಚ್ಚಿನವರು ಬಳಸುವುದು ಉಚಿತ ತಂತ್ರಾಂಶ ಓಬಿಎಸ್ ಸ್ಟುಡಿಯೊ. ಅದರ ಮೇಲಿನ ಸಾಲಿನ 'ಡಾಕ್ಸ್' ಮೆನುವಿನಲ್ಲಿ 'ಸ್ಟ್ಯಾಟ್ಸ್' ಅಂತ ಇದೆ. ಹಳೇ ಆವೃತ್ತಿಯಲ್ಲಿ 'ವ್ಯೂ' ಮೆನುವಿನಲ್ಲಿ ಸಿಗುತ್ತದೆ. ಅದನ್ನು ತೆರೆದಿಟ್ಟುಕೊಂಡೇ ಲೈವ್ ಮಾಡಿ. ಅಲ್ಲಿ ಮೂರು ಲೆಕ್ಕಗಳು ಬೇರೆ ಬೇರೆಯಾಗಿ ಓಡುತ್ತಿರುತ್ತವೆ.

'ರೆಂಡರಿಂಗ್ ಲ್ಯಾಗ್' ಅನ್ನುವ ಸಾಲು ಏರುತ್ತಿದ್ದರೆ ಗ್ರಾಫಿಕ್ಸ್ ಭಾಗಕ್ಕೆ, ಅಂದ್ರೆ ಜಿಪಿಯುಗೆ, ಹೊರೆ ಜಾಸ್ತಿಯಾಗಿದೆ. ಕ್ಯಾಮೆರಾಗಳನ್ನೆಲ್ಲ ಸೇರಿಸಿ ಒಂದು ಚಿತ್ರ ಮಾಡುವ ಹೊತ್ತಿಗೇ ಅದು ಸೋತಿದೆ. 'ಎನ್‌ಕೋಡಿಂಗ್ ಲ್ಯಾಗ್' ಏರುತ್ತಿದ್ದರೆ ಚಿತ್ರ ತಯಾರಾಗಿದೆ, ಆದರೆ ಅದನ್ನು ಕಿರಿದು ಮಾಡಿ ಯೂಟ್ಯೂಬ್‌ಗೆ ಕಳಿಸುವ ರೂಪಕ್ಕೆ ತರುವುದರಲ್ಲಿ ಯಂತ್ರ ಹಿಂದೆ ಬಿದ್ದಿದೆ. ಮೂರನೆಯದು 'ಡ್ರಾಪ್ಡ್ ಫ್ರೇಮ್ಸ್', ಪಕ್ಕದಲ್ಲೇ 'ನೆಟ್‌ವರ್ಕ್' ಅಂತ ಬರೆದಿರುತ್ತದೆ. ಇದು ಏರಿದರೆ ನಿಮ್ಮ ಲ್ಯಾಪ್‌ಟಾಪ್ ನಿರಪರಾಧಿ, ನೆಟ್ಟಿನದೇ ಕೊರತೆ.

ಎಣಿಕೆಯ ಪಕ್ಕದಲ್ಲಿ ಶೇಕಡಾವಾರು ಲೆಕ್ಕವೂ ಇರುತ್ತದೆ. ಶೇ. 1ರೊಳಗೆ ಇದ್ದರೆ ನೋಡುವವರಿಗೆ ಗೊತ್ತಾಗುವುದು ಕಡಿಮೆ. ಶೇ. 5 ದಾಟಿದರೆ ಫೋನ್ ಬರಲು ಶುರುವಾಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಮೂರೂ ಸಾಲು ಸೊನ್ನೆ ತೋರಿಸುತ್ತಿದ್ದು, ಆದರೂ ಒಂದು ಕ್ಯಾಮೆರಾ ಮಾತ್ರ ಕಪ್ಪಾಗಿದೆ ಅಥವಾ ತಡೆತಡೆದು ಓಡುತ್ತಿದೆ ಅಂದ್ರೆ ಅದು ನಾಲ್ಕನೇ ಜಾತಿಯ ರೋಗ. ಓಬಿಎಸ್‌ಗೆ ಆ ಕ್ಯಾಮೆರಾದ ಚಿತ್ರ ಸರಿಯಾಗಿ ತಲುಪಿಯೇ ಇಲ್ಲ. ತಲುಪದ ಚಿತ್ರವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಣ್ಣ ಸೆಟಪ್‌ಗಳಲ್ಲಿ ಲೈವ್ ಕೆಡಲು ಈ ನಾಲ್ಕನೆಯದೇ ದೊಡ್ಡ ಕಾರಣ ಅನ್ನುವುದು ನಮ್ಮ ಅಭಿಪ್ರಾಯ. ಹಾಗಾಗಿ ಅದನ್ನೇ ಮೊದಲು ನೋಡೋಣ.

ಯುಎಸ್‌ಬಿ ಎಂಬ ಒಂದೇ ಪೈಪು

ಕ್ಯಾಮೆರಾದ ಎಚ್‌ಡಿಎಂಐ ವೈರನ್ನು ಕ್ಯಾಪ್ಚರ್ ಡಾಂಗಲ್‌ಗೆ ಹಾಕಿ, ಡಾಂಗಲ್‌ನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸುತ್ತೇವೆ. ಮೂರು ಕ್ಯಾಮೆರಾಕ್ಕೆ ಮೂರು ಡಾಂಗಲ್. ಲ್ಯಾಪ್‌ಟಾಪಿನಲ್ಲಿ ಮೂರು ಕಿಂಡಿ ಇವೆ, ಸರಿಹೋಯ್ತು ಅಂದುಕೊಳ್ಳುತ್ತೇವೆ. ಆದರೆ ಹೊರಗೆ ಮೂರು ಕಿಂಡಿ ಕಂಡರೂ ಒಳಗೆ ಅವೆಲ್ಲ ಹೆಚ್ಚಾಗಿ ಒಂದೇ ಕಂಟ್ರೋಲರ್‌ಗೆ ಕೂಡಿರುತ್ತವೆ. ಓಣಿಯ ಮೂರು ನಲ್ಲಿಗಳಿಗೆ ಹಿಂದೆ ಒಂದೇ ಪೈಪ್‌ಲೈನ್ ಇದ್ದಹಾಗೆ. ಮೂರನ್ನೂ ಒಮ್ಮೆಗೆ ತಿರುಗಿಸಿದರೆ ಕೊನೇ ಮನೆಗೆ ನೀರು ಬರಲ್ಲ.

ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಿ ನೋಡಿ. 1080ಪಿ ಚಿತ್ರ ಅಂದ್ರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ, ಒಟ್ಟು 20 ಲಕ್ಷದ 73 ಸಾವಿರ ಚುಕ್ಕೆ. ಕಂಪ್ರೆಸ್ ಮಾಡದ ಚಿತ್ರದಲ್ಲಿ, ಓಬಿಎಸ್‌ನಲ್ಲಿ 'ವೈಯುವೈ2' ಅಂತ ಕಾಣುವ ರೂಪದಲ್ಲಿ, ಒಂದು ಚುಕ್ಕೆಗೆ 2 ಬೈಟ್. ಸೆಕೆಂಡಿಗೆ 30 ಚಿತ್ರ. ಗುಣಿಸಿದರೆ ಒಂದು ಕ್ಯಾಮೆರಾಕ್ಕೇ ಸೆಕೆಂಡಿಗೆ ಸುಮಾರು 995 ಮೆಗಾಬಿಟ್, ಅಂದ್ರೆ ಹೆಚ್ಚುಕಡಿಮೆ 1 ಗಿಗಾಬಿಟ್.

ಯುಎಸ್‌ಬಿ 2.0ರ ಕಾಗದದ ಮೇಲಿನ ವೇಗವೇ 480 ಮೆಗಾಬಿಟ್. ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಅಂದಮೇಲೆ ಕಂಪ್ರೆಸ್ ಮಾಡದ 1080ಪಿ ಚಿತ್ರ ಒಂದು ಕ್ಯಾಮೆರಾದ್ದೂ ಅದರಲ್ಲಿ ಹಿಡಿಸಲ್ಲ. ಯುಎಸ್‌ಬಿ 3.0ರದ್ದು 5 ಗಿಗಾಬಿಟ್ ಅಂತ ಬರೆದಿರುತ್ತದೆ. ಅದರಲ್ಲಿ ಐದರಲ್ಲಿ ಒಂದು ಪಾಲು ಸಿಗ್ನಲ್ಲಿನ ಕಟ್ಟುವಿಕೆಗೇ ಹೋಗುತ್ತದೆ, ಉಳಿದ ನಾಲ್ಕರಲ್ಲೂ ಪೂರ್ತಿ ಸಿಗುವುದಿಲ್ಲ. ಮೂರು ಕ್ಯಾಮೆರಾ 30 ಫ್ರೇಮ್‌ನಲ್ಲಿ ಇಟ್ಟರೆ 3 ಗಿಗಾಬಿಟ್, ಅಂಚಿಗೆ ಬಂತು. ಅದರಲ್ಲಿ ಒಂದನ್ನು 60 ಫ್ರೇಮ್‌ಗೆ ಏರಿಸಿದರೆ ಅದೊಂದಕ್ಕೇ 2 ಗಿಗಾಬಿಟ್, ಒಟ್ಟು 4 ಆಗಿ ಪೈಪು ತುಂಬಿತು. ರೆಕಾರ್ಡಿಂಗ್‌ಗೆ ಅಂತ ಅದೇ ಸಾಲಿಗೆ ಹೊರಗಿನ ಹಾರ್ಡ್‌ಡಿಸ್ಕ್ ಬೇರೆ ಸಿಕ್ಕಿಸಿರುತ್ತೇವೆ!

"ಹಬ್ ಹಾಕ್ಕೊಂಡ್ರೆ ಆಯ್ತಲ್ಲ" ಅನ್ನಬೇಡಿ. ಹಬ್ ಕಿಂಡಿ ಹೆಚ್ಚು ಮಾಡುತ್ತದೆ, ಪೈಪು ದಪ್ಪ ಮಾಡುವುದಿಲ್ಲ. ಒಂದು ಕಿಂಡಿಯ ವೇಗವನ್ನು ನಾಲ್ಕಾಗಿ ಹಂಚುತ್ತದೆ. ಕ್ಯಾಪ್ಚರ್ ಡಾಂಗಲ್‌ಗಳನ್ನು ಹಬ್‌ಗೆ ಹಾಕುವುದು ಬೇಡವೇ ಬೇಡ. ಮೌಸ್, ಕೀಬೋರ್ಡ್ ಬೇಕಾದರೆ ಅದಕ್ಕೆ ಹಾಕಿಕೊಳ್ಳಿ.

ವೆಬ್‌ಕ್ಯಾಮ್ ಬಳಸುವವರಿಗೆ ಇನ್ನೊಂದು ಕಿರಿಕಿರಿ ಇದೆ. ಎಷ್ಟೋ ವೆಬ್‌ಕ್ಯಾಮ್‌ಗಳು ತಮಗೆ ನಿಜವಾಗಿ ಬೇಕಾದ್ದಕ್ಕಿಂತ ಹೆಚ್ಚು ಜಾಗವನ್ನು ಮೊದಲೇ ಕಾಯ್ದಿರಿಸಿಕೊಳ್ಳುತ್ತವೆ. ಬಸ್ಸಿನಲ್ಲಿ ಒಬ್ಬರೇ ಬಂದು ಮೂರು ಸೀಟಿಗೆ ಟವೆಲ್ ಹಾಸಿದ ಹಾಗೆ. ಒಂದೇ ಕಂಪನಿಯ ಎರಡು ವೆಬ್‌ಕ್ಯಾಮ್ ಒಂದೊಂದಾಗಿ ಹಾಕಿದರೆ ಓಡುತ್ತವೆ, ಒಟ್ಟಿಗೆ ಹಾಕಿದರೆ ಎರಡನೆಯದು ಓಡಲ್ಲ. ವೆಬ್‌ಕ್ಯಾಮ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡುವ ಮೊದಲು ಲ್ಯಾಪ್‌ಟಾಪಿನ ಇನ್ನೊಂದು ಬದಿಯ ಕಿಂಡಿಗೆ ಹಾಕಿ ನೋಡಿ.

ಪರೀಕ್ಷೆ ಹೀಗೆ ಮಾಡಿ. ಮೂರನ್ನೂ ಕಿತ್ತು, ಒಂದೊಂದನ್ನೇ ಹಾಕಿ ನೋಡಿ. ಮೂರೂ ಒಂಟಿಯಾಗಿ ಓಡಿದರೆ ಕ್ಯಾಮೆರಾ, ವೈರು, ಡಾಂಗಲ್ ಚೆನ್ನಾಗಿವೆ. ಎರಡು ಒಟ್ಟಿಗೆ ಓಡಿ ಮೂರನೆಯದು ಬಿದ್ದರೆ, ಯಾವ ಎರಡು ಅನ್ನುವುದನ್ನು ಅದಲು ಬದಲು ಮಾಡಿ. ಪ್ರತಿ ಸಲವೂ ಕೊನೆಗೆ ಹಾಕಿದ್ದೇ ಬೀಳುತ್ತಿದ್ದರೆ ಪೈಪು ತುಂಬಿದೆ. ಒಂದು ನಿರ್ದಿಷ್ಟ ಡಾಂಗಲ್ ಮಾತ್ರ ಬೀಳುತ್ತಿದ್ದರೆ ಆ ಡಾಂಗಲ್ಲೇ ಹೋಗಿದೆ. ಹತ್ತು ನಿಮಿಷದ ಕೆಲಸ. ವಿಂಡೋಸ್‌ನ 'ಡಿವೈಸ್ ಮ್ಯಾನೇಜರ್' ತೆರೆದು, 'ವ್ಯೂ'ನಲ್ಲಿ 'ಡಿವೈಸಸ್ ಬೈ ಕನೆಕ್ಷನ್' ಒತ್ತಿದರೆ ಯಾವ ಡಾಂಗಲ್ ಯಾವ ಕಂಟ್ರೋಲರ್ ಕೆಳಗೆ ಕೂತಿದೆ ಅಂತ ಮರದ ಕೊಂಬೆಗಳ ಹಾಗೆ ಕಾಣುತ್ತದೆ.

ಪೈಪು ತುಂಬಿದೆ ಅಂತ ಖಾತ್ರಿಯಾದರೆ ಖರ್ಚಿಲ್ಲದ ದಾರಿಗಳು ಇವೆ. ಓಬಿಎಸ್‌ನಲ್ಲಿ ಆ ಕ್ಯಾಮೆರಾದ ಪ್ರಾಪರ್ಟೀಸ್ ತೆರೆದು 'ಕಸ್ಟಮ್' ಆಯ್ಕೆ ಮಾಡಿ 60 ಇದ್ದದ್ದನ್ನು 30ಕ್ಕೋ 25ಕ್ಕೋ ಇಳಿಸಿ, ಅರ್ಧ ಹೊರೆ ಇಳಿಯಿತು. ದೂರದ ವೈಡ್ ಶಾಟ್ ಕ್ಯಾಮೆರಾವನ್ನು 720ಪಿಗೆ ಇಳಿಸಿ. ಹೇಗೂ ಲೈವ್ 720ರಲ್ಲೇ ಹೋಗುವುದಾದರೆ ಮೂರನ್ನೂ ಇಳಿಸಬಹುದು, ಯಾರಿಗೂ ವ್ಯತ್ಯಾಸ ಕಾಣಲ್ಲ. ಇನ್ನೊಂದು ದಾರಿ 'ಎಂಜೆಪೆಗ್' ರೂಪ. ಇದರಲ್ಲಿ ಡಾಂಗಲ್ಲೇ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಯುಎಸ್‌ಬಿ 2.0ರಲ್ಲೂ ಹಿಡಿಸುತ್ತದೆ. ಆದರೆ ಪುಕ್ಕಟೆಯಲ್ಲ. ಕುಗ್ಗಿಸಿದ್ದನ್ನು ಮತ್ತೆ ಬಿಡಿಸುವ ಕೆಲಸ ಲ್ಯಾಪ್‌ಟಾಪಿನ ಪ್ರೊಸೆಸರ್ ತಲೆಗೆ ಬರುತ್ತದೆ. ಮೂರು ಕ್ಯಾಮೆರಾ ಅಂದ್ರೆ ಸೆಕೆಂಡಿಗೆ 90 ಚಿತ್ರ ಬಿಡಿಸಬೇಕು. ಇಲ್ಲಿ ಉಳಿಸಿದ್ದು ಅಲ್ಲಿ ಹೋಯ್ತು ಅನ್ನಿ. ಪ್ರೊಸೆಸರ್ ಗಟ್ಟಿ ಇದ್ದವರು ಈ ದಾರಿ ಹಿಡಿಯಬಹುದು.

ಡಾಂಗಲ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಡಬ್ಬಿಯ ಮೇಲೆ '4ಕೆ' ಅಂತ ದಪ್ಪಗೆ ಬರೆದಿರುತ್ತದೆ. ಅಗ್ಗದ ಡಾಂಗಲ್‌ಗಳಲ್ಲಿ ಅದರ ಅರ್ಥ 4ಕೆ ಸಿಗ್ನಲ್ ಕೊಟ್ಟರೆ ತೆಗೆದುಕೊಳ್ಳುತ್ತದೆ ಅಂತ, ಲ್ಯಾಪ್‌ಟಾಪಿಗೆ ಕೊಡುವುದು 1080ಪಿ ಅಥವಾ ಅದಕ್ಕಿಂತ ಕಡಿಮೆ. ಪಿನ್ನಿನ ಒಳಗೆ ನೀಲಿ ಪ್ಲಾಸ್ಟಿಕ್ ಇದ್ದರೆ ಯುಎಸ್‌ಬಿ 3.0 ಅಂತ ನಂಬುತ್ತೇವೆ. ನೀಲಿ ಪ್ಲಾಸ್ಟಿಕ್ ಹಾಕಿ ಒಳಗೆ 2.0 ಚಿಪ್ ಕೂರಿಸಿದವೂ ಮಾರ್ಕೆಟ್‌ನಲ್ಲಿವೆ. ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಹಾಕಿ, ಓಬಿಎಸ್‌ನಲ್ಲಿ ವೈಯುವೈ2 ರೂಪದಲ್ಲಿ 1080ಪಿ 30 ಫ್ರೇಮ್ ಆಯ್ಕೆ ಸಿಗುತ್ತಾ ನೋಡಿ. 5 ಫ್ರೇಮ್ ಅಥವಾ 10 ಫ್ರೇಮ್ ಮಾತ್ರ ತೋರಿಸಿದರೆ ಅದು 2.0. ಹಾಗೆಯೇ ಒಳ್ಳೇ 3.0 ಡಾಂಗಲ್‌ಗೆ ಹಳೇ 2.0 ಎಕ್ಸ್‌ಟೆನ್ಷನ್ ವೈರ್ ಹಾಕಿದರೆ ಅದೂ 2.0 ಆಗಿಬಿಡುತ್ತದೆ.

ಮೂರಕ್ಕಿಂತ ಹೆಚ್ಚಾದರೆ ಸ್ವಿಚರ್

ಮೇಲೆ ಹೇಳಿದ್ದೆಲ್ಲ ಮಾಡಿದರೂ ನಾಲ್ಕು ಕ್ಯಾಮೆರಾ ಒಂದು ಲ್ಯಾಪ್‌ಟಾಪಿಗೆ ತುರುಕುವುದು ಜಾಣತನವಲ್ಲ. ನಿಜವಾಗಿ ದುಡ್ಡು ಹಾಕಬೇಕು ಅಂತಿದ್ದರೆ ಲ್ಯಾಪ್‌ಟಾಪಿಗಿಂತ ಮೊದಲು ವಿಡಿಯೊ ಸ್ವಿಚರ್‌ಗೆ ಹಾಕಿ. ಬ್ಲ್ಯಾಕ್‌ಮ್ಯಾಜಿಕ್‌ನವರ ಎಟಿಇಎಂ ಮಿನಿ ಇದಕ್ಕೆ ಗೊತ್ತಿರುವ ಉದಾಹರಣೆ. ನಾಲ್ಕು ಎಚ್‌ಡಿಎಂಐ ಕಿಂಡಿ ಇವೆ, ನಾಲ್ಕು ಕ್ಯಾಮೆರಾದ ಚಿತ್ರ ಪೆಟ್ಟಿಗೆಯೊಳಗೇ ಬದಲಾಗುತ್ತದೆ, ಲ್ಯಾಪ್‌ಟಾಪಿಗೆ ಹೋಗುವುದು ಒಂದೇ ಚಿತ್ರ. ಲ್ಯಾಪ್‌ಟಾಪಿಗೆ ತನ್ನ ಮುಂದೆ ಒಂದೇ ಕ್ಯಾಮೆರಾ ಇದೆ ಅಂತಲೇ ಅನಿಸುತ್ತದೆ. ಅದರ ಪ್ರೊ ಮಾದರಿ ಲ್ಯಾಪ್‌ಟಾಪ್ ಇಲ್ಲದೆಯೇ ನೇರವಾಗಿ ನೆಟ್ ವೈರಿನಿಂದ ಯೂಟ್ಯೂಬ್‌ಗೆ ಕಳಿಸುತ್ತದೆ. ಬೇರೆ ಕಂಪನಿಗಳದ್ದೂ ಇವೆ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವವರು ನಾಲ್ಕಾರು ಅಂಗಡಿ ಕೇಳಿ, ಬಿಲ್ಲು, ವಾರಂಟಿ ನೋಡಿ ತನ್ನಿ. ದಿನಕ್ಕೆ ಬಾಡಿಗೆಗೆ ಸಿಕ್ಕರೆ ಒಂದು ಮದುವೆಗೆ ತಂದು ನೋಡಿದ ಮೇಲೆ ಕೊಳ್ಳುವುದು ಇನ್ನೂ ಒಳ್ಳೇದು.

ಹಳೇ ಲ್ಯಾಪ್‌ಟಾಪ್ ಇರುವ ಸ್ಟುಡಿಯೊಗೆ ಸ್ವಿಚರ್ ಸೇರಿದರೆ ಎಷ್ಟೋ ವರ್ಷ ಓಡುತ್ತದೆ. ಹೊಸ ಲ್ಯಾಪ್‌ಟಾಪ್ ತಂದು ಸ್ವಿಚರ್ ಇಲ್ಲದಿದ್ದರೆ ಮತ್ತೆ ಅದೇ ಒಂದು ಪೈಪಿನ ಜಗಳ.

ಎನ್‌ಕೋಡಿಂಗ್ ಲ್ಯಾಗ್, ರೆಂಡರಿಂಗ್ ಲ್ಯಾಗ್

ಎನ್‌ಕೋಡಿಂಗ್ ಲ್ಯಾಗ್‌ಗೆ ಮೊದಲ ಮದ್ದು ಓಬಿಎಸ್‌ನ 'ಔಟ್‌ಪುಟ್' ಸೆಟ್ಟಿಂಗ್‌ನಲ್ಲೇ ಇದೆ. ಎನ್‌ಕೋಡರ್ ಜಾಗದಲ್ಲಿ 'ಎಕ್ಸ್264' ಇದ್ದರೆ ಕೆಲಸವೆಲ್ಲ ಪ್ರೊಸೆಸರ್ ಮಾಡುತ್ತಿದೆ ಅಂತ ಅರ್ಥ. ಎನ್‌ವಿಡಿಯಾ ಕಾರ್ಡ್ ಇದ್ದರೆ 'ಎನ್‌ವೆಂಕ್', ಇಂಟೆಲ್ ಇದ್ದರೆ 'ಕ್ವಿಕ್ ಸಿಂಕ್', ಎಎಂಡಿ ಇದ್ದರೆ ಅದರ ಹಾರ್ಡ್‌ವೇರ್ ಎನ್‌ಕೋಡರ್ ಆರಿಸಿ. ಈ ಕೆಲಸಕ್ಕೇ ಅಂತ ಚಿಪ್ಪಿನಲ್ಲಿ ಬೇರೆ ಭಾಗ ಇದೆ, ಅದು ಸುಮ್ಮನೆ ಕೂತಿರುತ್ತದೆ. ಈಚಿನ ವರ್ಷಗಳ ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಕ್ವಿಕ್ ಸಿಂಕ್ ಇದ್ದೇ ಇದೆ. ಡೆಸ್ಕ್‌ಟಾಪ್ ಜೋಡಿಸುವವರು ಮಾತ್ರ ಹೆಸರಿನ ಕೊನೆಗೆ 'ಎಫ್' ಅಕ್ಷರ ಇರುವ ಇಂಟೆಲ್ ಪ್ರೊಸೆಸರ್ ತೆಗೆದುಕೊಳ್ಳುವಾಗ ಯೋಚಿಸಿ. ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ಎಕ್ಸ್264 ಬಿಟ್ಟರೆ ಗತಿಯಿಲ್ಲ ಅನ್ನುವವರು ಪ್ರೀಸೆಟ್ಟನ್ನು 'ವೆರಿಫಾಸ್ಟ್'ನಿಂದ 'ಸೂಪರ್‌ಫಾಸ್ಟ್'ಗೆ ಇಳಿಸಿ.

ಲೈವ್‌ಗೆ ಒಂದು ಅಳತೆ, ರೆಕಾರ್ಡಿಂಗ್‌ಗೆ ಇನ್ನೊಂದು ಅಳತೆ ಇಟ್ಟರೆ ಎನ್‌ಕೋಡಿಂಗ್ ಎರಡು ಸಲ ನಡೆಯುತ್ತದೆ. ಸೋತ ಯಂತ್ರಕ್ಕೆ ರೆಕಾರ್ಡಿಂಗ್‌ನಲ್ಲೂ 'ಯೂಸ್ ಸ್ಟ್ರೀಮ್ ಎನ್‌ಕೋಡರ್' ಅಂತ ಇಡಿ, ಒಂದೇ ಸಲ ಮಾಡಿ ಎರಡಕ್ಕೂ ಕೊಡುತ್ತದೆ. ರೆಕಾರ್ಡಿಂಗ್ 'ಎಂಕೆವಿ' ರೂಪದಲ್ಲಿರಲಿ. ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೂ ಅಲ್ಲಿವರೆಗಿನ ಫೈಲ್ ಉಳಿಯುತ್ತದೆ. ಸಾಮಾನ್ಯ ಎಂಪಿ4 ಆದರೆ ಪೂರ್ತಿ ಫೈಲ್ ತೆರೆಯದೇ ಹೋಗಬಹುದು.

ರೆಂಡರಿಂಗ್ ಲ್ಯಾಗ್‌ಗೆ ಹೆಚ್ಚು ಹೇಳುವುದಿಲ್ಲ. ಓಬಿಎಸ್‌ನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮೂಲಕ ತೆರೆಯಿರಿ, ವಿಂಡೋಸ್‌ನಲ್ಲಿ ಅದಕ್ಕೆ ಜಿಪಿಯು ಪಾಲು ಮೊದಲು ಸಿಗುತ್ತದೆ. ಹೂವು ಉದುರುವ ಅನಿಮೇಷನ್, ಮಿನುಗುವ ಹೆಸರುಪಟ್ಟಿ, ಓಡುವ ಜಾಹೀರಾತು ಇವುಗಳಲ್ಲಿ ಅರ್ಧ ತೆಗೆಯಿರಿ. ಬ್ರೌಸರ್‌ನಲ್ಲಿ ನಿಮ್ಮದೇ ಲೈವ್ ನೋಡುತ್ತಾ ಕೂರಬೇಡಿ, ಅದನ್ನು ಮೊಬೈಲಿನಲ್ಲಿ ನೋಡಿ. ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಎರಡನೆಯದು ಹಾಕಿಸಿ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸುವುದರಿಂದ ಎರಡು ಕಡ್ಡಿಯಾದರೆ ದಾರಿ ಅಗಲವಾಗುತ್ತದೆ. ಹಳೇ ಲ್ಯಾಪ್‌ಟಾಪಿಗೆ ಮಾಡುವ ಖರ್ಚುಗಳಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಕಡಿಮೆ.

ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಸೋಲುವುದು: ಬಿಸಿ ಮತ್ತು ಧೂಳು

ಇದು ನಮ್ಮ ತಾಲೂಕಿನದೇ ಸಮಸ್ಯೆ ಅಂದರೂ ನಡೆಯುತ್ತದೆ. ಅದಿರು ಲಾರಿ ಓಡಾಡುವ ರಸ್ತೆ ಬದಿಯ ಅಂಗಡಿಗಳಲ್ಲಿ ಶಟರ್ ಮೇಲೆ ಕೂರುವ ಅದೇ ಕೆಂಪು ಧೂಳು ಲ್ಯಾಪ್‌ಟಾಪಿನ ಫ್ಯಾನ್‌ನಲ್ಲೂ ಕೂರುತ್ತದೆ. ಮೇಲೆ ಬಳ್ಳಾರಿ ಸೀಮೆಯ ಬೇಸಿಗೆ, ಶಾಮಿಯಾನದ ಕೆಳಗೆ 40 ಡಿಗ್ರಿ ದಾಟಿರುತ್ತದೆ. ಗಾಳಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷ ಟೆಸ್ಟ್ ಮಾಡಿದಾಗ ಎಲ್ಲ ಸರಿ ಇರುತ್ತದೆ, ಮಂಟಪದಲ್ಲಿ ನಲವತ್ತನೇ ನಿಮಿಷಕ್ಕೆ ಎನ್‌ಕೋಡಿಂಗ್ ಲ್ಯಾಗ್ ಏರತೊಡಗುತ್ತದೆ.

ಗುರುತಿಸುವುದು ಸುಲಭ. 'ಟಾಸ್ಕ್ ಮ್ಯಾನೇಜರ್'ನಲ್ಲಿ 'ಪರ್ಫಾರ್ಮೆನ್ಸ್', ಅದರಲ್ಲಿ ಸಿಪಿಯು ನೋಡಿ. 'ಸ್ಪೀಡ್' ಮತ್ತು 'ಬೇಸ್ ಸ್ಪೀಡ್' ಅಂತ ಎರಡು ಅಂಕಿ ಇರುತ್ತವೆ. ಕೆಲಸ ಜೋರಾಗಿ ನಡೆಯುತ್ತಿರುವಾಗಲೂ ಸ್ಪೀಡ್ ಅನ್ನುವುದು ಬೇಸ್‌ಗಿಂತ ಕೆಳಗೆ ಇಳಿದಿದ್ದರೆ ಹೆಚ್ಚಾಗಿ ಬಿಸಿಯೇ ಕಾರಣ. ಚಾರ್ಜರ್ ಕಿತ್ತಿದ್ದರೂ ಹೀಗಾಗುತ್ತದೆ, ಅದನ್ನೂ ನೋಡಿ.

ಸೀಸನ್‌ಗೆ ಮೊದಲು ಒಮ್ಮೆ ಫ್ಯಾನ್ ಬಿಚ್ಚಿಸಿ ಕ್ಲೀನ್ ಮಾಡಿಸಿ, ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಿಸಿ. ರಿಪೇರಿ ಮಾಡುವವರಿಗೆ ಇದು ದಿನನಿತ್ಯದ ಕೆಲಸ. ಮಂಟಪದಲ್ಲಿ ಟೇಬಲ್ ಮೇಲೆ ಹಾಸಿರುವ ಸ್ಯಾಟಿನ್ ಬಟ್ಟೆ ಇದೆಯಲ್ಲ, ಅದರ ಮೇಲೆ ಲ್ಯಾಪ್‌ಟಾಪ್ ಇಡಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಎರಡು ಪುಸ್ತಕವೋ ಇಟ್ಟಿಗೆಯೋ ಕೊಟ್ಟು ಎತ್ತರ ಮಾಡಿ, ಪಕ್ಕಕ್ಕೆ ಟೇಬಲ್ ಫ್ಯಾನ್ ತಿರುಗಿಸಿ. ಅಡುಗೆ ಮನೆ ಕಡೆಯಿಂದ ದೂರ ಕೂತುಕೊಳ್ಳಿ. ರಥೋತ್ಸವದಲ್ಲಿ ಬಿಸಿಲಿಗೆ ಕೂರಬೇಕಾದರೆ ಕೊಡೆ ನಿಮಗಲ್ಲ, ಲ್ಯಾಪ್‌ಟಾಪಿಗೆ.

ಕ್ಯಾಮೆರಾಗಳಿಗೂ ಬಿಸಿ ತಾಗುತ್ತದೆ. ಫೋಟೊ ತೆಗೆಯಲು ಮಾಡಿದ ಕ್ಯಾಮೆರಾವನ್ನು ಮೂರು ತಾಸು ಲೈವ್‌ಗೆ ಓಡಿಸಿದರೆ ಕೆಲವು ಮಾದರಿಗಳು ತಾವಾಗಿಯೇ ಆಫ್ ಆಗುತ್ತವೆ. ಕ್ಯಾಮೆರಾದೊಳಗಿನ ಕಾರ್ಡ್‌ಗೆ ರೆಕಾರ್ಡಿಂಗ್ ನಿಲ್ಲಿಸಿದರೆ ಬಿಸಿ ಕಡಿಮೆ. 'ಆಟೊ ಪವರ್ ಆಫ್' ತೆಗೆದುಹಾಕಿ. ಬ್ಯಾಟರಿ ಬದಲಿಗೆ ಡಮ್ಮಿ ಬ್ಯಾಟರಿ ಹಾಕಿ ಕರೆಂಟಿಗೆ ಕೊಡಿ. ಇನ್ನು ಕೆಲವು ಹಳೇ ಮಾದರಿಗಳಲ್ಲಿ ಎಚ್‌ಡಿಎಂಐನಿಂದ ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲ ಸೇರಿ ಬರುತ್ತದೆ. ಮೆನುವಿನಲ್ಲಿ ತೆಗೆಯಲು ಆಗದಿದ್ದರೆ ಆ ಕ್ಯಾಮೆರಾ ಲೈವ್‌ಗೆ ಆಗದು, ಫೋಟೊಗೆ ಇಟ್ಟುಕೊಳ್ಳಿ.

25 ಅಥವಾ 30, ಎರಡನ್ನೂ ಬೆರೆಸಬೇಡಿ

ನಮ್ಮ ದೇಶದ ಕರೆಂಟು 50 ಹರ್ಟ್ಜ್. ಮಂಟಪದ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸರಗಳ ಕೆಳಗೆ 30 ಫ್ರೇಮ್‌ನಲ್ಲಿ ಹಿಡಿದರೆ ಚಿತ್ರ ಮಿಣಮಿಣ ಅನ್ನುತ್ತದೆ, ಅಡ್ಡಪಟ್ಟಿ ಓಡುತ್ತದೆ. ಡಾಂಗಲ್ ಕೆಟ್ಟಿದೆ ಅಂತ ಎಷ್ಟೋ ಜನ ಬದಲಿಸುತ್ತಾರೆ, ಪಾಪ. ಎಲ್ಲ ಕ್ಯಾಮೆರಾಗಳನ್ನೂ 'ಪಾಲ್'ಗೆ ಹಾಕಿ 25 ಫ್ರೇಮ್, ಶಟರ್ 1/50 ಇಡಿ. ಓಬಿಎಸ್‌ನ 'ವಿಡಿಯೊ' ಸೆಟ್ಟಿಂಗ್‌ನಲ್ಲೂ '25 ಪಾಲ್' ಅಂತ ಆಯ್ಕೆ ಇದೆ. ಹೊರೆಯೂ ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಒಂದು ಕ್ಯಾಮೆರಾ 25, ಇನ್ನೊಂದು 30, ಓಬಿಎಸ್ 60 ಅಂತ ಇಟ್ಟರೆ ಯಂತ್ರ ಎಷ್ಟೇ ದೊಡ್ಡದಿದ್ದರೂ ಚಿತ್ರದ ಓಟ ಸರಿ ಕಾಣಲ್ಲ.

ಎಚ್‌ಡಿಎಂಐ ವೈರಿನ ಉದ್ದಕ್ಕೂ ಮಿತಿ ಇದೆ. ಸಾಮಾನ್ಯ ತಾಮ್ರದ ವೈರು 10 ಮೀಟರ್ ತನಕ ನಂಬಬಹುದು, 15 ದಾಟಿದರೆ ಅದೃಷ್ಟದ ಮೇಲೆ. ಮಂಟಪದ ಹಿಂದಿನ ಬಾಗಿಲಿನಲ್ಲಿ ಕ್ಯಾಮೆರಾ ಇಡಬೇಕಾದರೆ ಆಪ್ಟಿಕಲ್ ಎಚ್‌ಡಿಎಂಐ ವೈರ್ ತನ್ನಿ, ಇಲ್ಲವೇ ಕನ್ವರ್ಟರ್ ಇಟ್ಟು ಎಸ್‌ಡಿಐ ವೈರ್ ಎಳೆಯಿರಿ, ಅದು ಒಳ್ಳೇ ಗುಣಮಟ್ಟದ್ದಾದರೆ ಹೆಚ್ಚುಕಡಿಮೆ 100 ಮೀಟರ್ ತನಕ ಒಯ್ಯುತ್ತದೆ. ಕ್ಯಾಮೆರಾ ಕಡೆಯ ಸಣ್ಣ ಎಚ್‌ಡಿಎಂಐ ಕಿಂಡಿ ಬಹಳ ನಾಜೂಕು. ವೈರನ್ನು ಟ್ರೈಪಾಡ್‌ಗೆ ಟೇಪ್ ಸುತ್ತಿ ಕಟ್ಟಿ. ಮಕ್ಕಳು ಎಡವಿದರೆ ಟೇಪ್ ಹರಿಯಲಿ, ಕಿಂಡಿ ಮುರಿಯದಿರಲಿ.

ನೆಟ್ಟು: ಡ್ರಾಪ್ಡ್ ಫ್ರೇಮ್ಸ್ ಏರಿದಾಗ

ಡೌನ್‌ಲೋಡ್ ವೇಗ ನೋಡಿ ಮೋಸ ಹೋಗಬೇಡಿ, ಲೈವ್‌ಗೆ ಬೇಕಾದ್ದು ಅಪ್‌ಲೋಡ್. 720ಪಿಗೆ ಬಿಟ್‌ರೇಟ್ 2500 ಇಟ್ಟರೆ ಅಪ್‌ಲೋಡ್ ಕನಿಷ್ಠ 5 ಎಂಬಿಪಿಎಸ್ ಬರುತ್ತಿರಬೇಕು, ಅಂದ್ರೆ ಎರಡರಷ್ಟು. ಹಿಂದಿನ ದಿನ ಖಾಲಿ ಮಂಟಪದಲ್ಲಿ ನೋಡಿದ ವೇಗ ಲೆಕ್ಕಕ್ಕಿಲ್ಲ. ಐನೂರು ಜನ ಬಂದು ಎಲ್ಲರೂ ಸ್ಟೇಟಸ್ ಹಾಕತೊಡಗಿದ ಮೇಲೆ ಅದೇ ಟವರ್‌ನಲ್ಲಿ ಏನು ಉಳಿಯುತ್ತದೋ ಅದೇ ನಿಮ್ಮದು. ತೇರು ಎಳೆಯುವ ಹೊತ್ತಿಗೆ ಇನ್ನೂ ಕಷ್ಟ. ಸಾಧ್ಯವಿದ್ದಲ್ಲಿ ಫೈಬರ್ ಸಂಪರ್ಕ ಇರುವ ಪಕ್ಕದ ಅಂಗಡಿಯವರನ್ನೋ ಮನೆಯವರನ್ನೋ ಕೇಳಿ ನೆಟ್ ವೈರ್ ಎಳೆದುಕೊಳ್ಳಿ. ಇಲ್ಲದಿದ್ದರೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡಿರಿ.

ಡೇಟಾ ಲೆಕ್ಕವನ್ನೂ ಮರೆಯಬೇಡಿ. 2500 ಬಿಟ್‌ರೇಟ್, ಧ್ವನಿ ಸೇರಿ ಮೂರು ಗಂಟೆಗೆ ಸುಮಾರು 3.5 ಜಿಬಿ ಬೇಕು. ದಿನಕ್ಕೆ 2 ಜಿಬಿಯ ಪ್ಯಾಕ್ ಒಂದೂ ಮುಕ್ಕಾಲು ಗಂಟೆಗೇ ಮುಗಿಯುತ್ತದೆ. ಅರಿಶಿಣ ಶಾಸ್ತ್ರಕ್ಕೆ ಶುರು ಮಾಡಿದ ಲೈವ್ ತಾಳಿ ಹೊತ್ತಿಗೆ ನಿಂತರೆ ಅದು ಲ್ಯಾಪ್‌ಟಾಪಿನ ತಪ್ಪೂ ಅಲ್ಲ, ಟವರ್‌ನ ತಪ್ಪೂ ಅಲ್ಲ. 1080ಪಿಗೆ 4500 ಇಟ್ಟರೆ ಅದೇ ಮೂರು ಗಂಟೆಗೆ 6 ಜಿಬಿ ದಾಟುತ್ತದೆ.

ಮೊಬೈಲ್‌ನಿಂದ ನೆಟ್ ಕೊಡುವಾಗ ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಟೆದರಿಂಗ್ ಮಾಡಿ. ಜನ ತುಂಬಿದ ಹಾಲ್‌ನಲ್ಲಿ ವೈಫೈ ಗಾಳಿಯೇ ಕಿಕ್ಕಿರಿದಿರುತ್ತದೆ. ಓಬಿಎಸ್‌ನ 'ಅಡ್ವಾನ್ಸ್‌ಡ್' ಸೆಟ್ಟಿಂಗ್‌ನಲ್ಲಿ ನೆಟ್ ಇಳಿದಾಗ ಬಿಟ್‌ರೇಟ್ ತಾನೇ ಇಳಿಸುವ ಆಯ್ಕೆ ಇದೆ, ಟಿಕ್ ಮಾಡಿಡಿ. ಚಿತ್ರ ಸ್ವಲ್ಪ ಮಸುಕಾದರೂ ಲೈವ್ ನಿಲ್ಲುವುದಿಲ್ಲ. ಹೊಸ ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಆನ್ ಮಾಡಿದರೆ ಅನುಮತಿಗೆ 24 ಗಂಟೆ ತನಕ ಹಿಡಿಯಬಹುದು, ಮದುವೆ ದಿನ ಬೆಳಿಗ್ಗೆ ಚಾನೆಲ್ ಮಾಡಲು ಕೂರಬೇಡಿ.

ಕರೆಂಟು, ಸದ್ದು ಮತ್ತು ಬ್ಯಾಗು

ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಆ ಹತ್ತು ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಉಳಿಯುತ್ತದೆ, ಆದರೆ ಸ್ವಿಚರ್ ಮತ್ತು ರೂಟರ್ ಸತ್ತು ಮತ್ತೆ ಏಳಬೇಕು. ಅಂಗಡಿಯ ಕಂಪ್ಯೂಟರ್‌ಗೆ ಇಟ್ಟಿರುವ ಸಣ್ಣ ಯುಪಿಎಸ್ ತಂದು ಅವೆರಡನ್ನು ಮಾತ್ರ ಅದಕ್ಕೆ ಹಾಕಿ. ಲೈಟಿಂಗ್‌ನವರ ಬೋರ್ಡ್‌ನಿಂದ ಕರೆಂಟ್ ತೆಗೆದುಕೊಳ್ಳಬೇಡಿ, ಹ್ಯಾಲೋಜನ್ ಹಾಕಿದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ.

ವಾದ್ಯದವರ ಮಿಕ್ಸರ್‌ನಿಂದ ಧ್ವನಿ ತೆಗೆದಾಗ ಗುಂಯ್ ಅಂದರೆ ಒಂದು ನಿಮಿಷ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥಿಂಗ್ ತೊಂದರೆ, ನಡುವೆ ಒಂದು ಐಸೊಲೇಟರ್ ಹಾಕಿದರೆ ಸರಿಹೋಗುತ್ತದೆ. ಮಂತ್ರ ಮೊದಲು ಕೇಳಿ ಪುರೋಹಿತರ ತುಟಿ ಆಮೇಲೆ ಅಲುಗಿದರೆ ಡಾಂಗಲ್ ಚಿತ್ರವನ್ನು ತಡಮಾಡಿ ಕೊಡುತ್ತಿದೆ ಅಂತ. ಓಬಿಎಸ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ 'ಸಿಂಕ್ ಆಫ್‌ಸೆಟ್' 150ರಿಂದ ಶುರು ಮಾಡಿ, ಚಪ್ಪಾಳೆ ತಟ್ಟಿಸಿ ನೋಡುತ್ತಾ ಹೊಂದಿಸಿ.

ಚೋರನೂರಿನಲ್ಲಿ ಕಾರ್ಯಕ್ರಮ ಇದ್ದು ಒಂದು ಮೈಕ್ರೊ ಎಚ್‌ಡಿಎಂಐ ವೈರ್ ಕೈಕೊಟ್ಟರೆ, ಸಂಡೂರಿಗೋ ಹೊಸಪೇಟೆಗೋ ಹೋಗಿ ತರುವಷ್ಟರಲ್ಲಿ ಮುಹೂರ್ತ ಮುಗಿದು ಊಟದ ಎರಡನೇ ಪಂಕ್ತಿ ಕೂತಿರುತ್ತದೆ. ಹಾಗಾಗಿ ಪ್ರತಿ ಜಾತಿಯ ವೈರಿನಲ್ಲೂ ಒಂದೊಂದು ಹೆಚ್ಚು, ಒಂದು ಡಾಂಗಲ್ ಹೆಚ್ಚು, ಎರಡನೇ ಸಿಮ್, ಕಪ್ಪು ಟೇಪು ಬ್ಯಾಗಿನಲ್ಲಿರಲಿ. ಹಿಂದಿನ ರಾತ್ರಿ ಎಲ್ಲ ಕ್ಯಾಮೆರಾ ಜೋಡಿಸಿ, ಯೂಟ್ಯೂಬ್‌ನಲ್ಲಿ 'ಅನ್‌ಲಿಸ್ಟೆಡ್' ಅಂತ ಇಟ್ಟು ಒಂದು ಗಂಟೆ ಪೂರ್ತಿ ಓಡಿಸಿ. ಸ್ಟ್ಯಾಟ್ಸ್ ಕಿಟಕಿಯ ಮೂರು ಅಂಕಿಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮರುದಿನ ಏನಾದರೂ ಕೆಟ್ಟರೆ ಯಾವ ಸಾಲು ಬದಲಾಗಿದೆ ಅಂತ ಹೋಲಿಸಿ ನೋಡಬಹುದು, ರಿಪೇರಿಯವರಿಗೂ ಅದನ್ನೇ ತೋರಿಸಬಹುದು.